ಊರಿನ ದಾರಿಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪು

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಕೂಟದಲ್ಲಿ ಕಾರ್ಯದರ್ಶಿಗಳು ನಮ್ಮನ್ನು ಎಬ್ಬಿಸಿ ನಿಲ್ಲಿಸಿ, "ನೀವು ಗಾಡಿಯೊಳಗೆ ಕಟ್ಟಿಕೊಂಡು ಹೋದ ಆ ಸಿನೆಮಾ ಪೆಟ್ಟಿಗೆಯ ಸಂಗತಿಯನ್ನು ಎಲ್ಲರಿಗೂ ತಿಳಿಸಬೇಕು" ಎಂದು ಅಪ್ಪಣೆ ಕೊಟ್ಟರು. ಭಾಷಣ ಮಾಡತಕ್ಕ ಅಭ್ಯಾಸ ನಮಗಿಲ್ಲ. ಈ ಕೆಲಸದಲ್ಲಿ ಕೈಯಿಟ್ಟವರು ನಾವು ನಾಲ್ವರು: ಒಬ್ಬರು ಹೋಟೆಲಿನ ಗಲ್ಲಾದಲ್ಲಿ ಕೂಡುವವರು, ಒಬ್ಬರು ಟೂರಿಸ್ಟ್ ಗಾಡಿ ಓಡಿಸುವವರು, ಒಬ್ಬರು 1982ರ ಮುಷ್ಕರದ ತನಕ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಹಿರಿಯರು, ಮತ್ತೊಬ್ಬ ಅವರ ಮೊಮ್ಮಗ, ಕಾಲೇಜಿನ ಹುಡುಗ. ನಾಲ್ವರ ಪರವಾಗಿ ಒಂದೇ ಬಾಯಿ ಮಾತನಾಡುತ್ತಿದೆಯೆಂದು ತಿಳಿಯಿರಿ. ತಪ್ಪಿದರೆ ಉಳಿದ ಮೂವರು ಇಲ್ಲೇ ಕುಳಿತಿದ್ದಾರೆ, ತಿದ್ದುತ್ತಾರೆ.

ಊರಿಗೆ ಹೋಗುವುದೆಂದರೆ ನಮಗೆಲ್ಲ ಏನೆಂಬುದನ್ನು ಈ ಸಭೆಯಲ್ಲಿ ಬಣ್ಣಿಸಬೇಕಾದ್ದಿಲ್ಲ. ಕೊಂಕಣ ರೈಲಿನ ಟಿಕೇಟು ಸಿಕ್ಕರೆ ಪುಣ್ಯ, ಸಿಗದಿದ್ದರೆ ಗಾಡಿ. 2025ರ ಮೇ ತಿಂಗಳಲ್ಲಿ ನಮಗೆ ಟಿಕೇಟು ಸಿಗಲಿಲ್ಲ. ನಮ್ಮಲ್ಲಿ ಇಬ್ಬರು ಕುಟುಂಬಸಮೇತ ಏಳು ಸೀಟಿನ ಗಾಡಿಯಲ್ಲಿ ಹೊರಟೆವು. ಕುಂದಾಪುರದ ಕಡೆಗೆ ಎಂಟುನೂರು ಕಿಲೋಮೀಟರಿಗೂ ಮೀರಿದ ದಾರಿ. ನಡುವಿನ ಸೀಟಿನಲ್ಲಿ ಮೂರು ಮಕ್ಕಳು: ಹನ್ನೊಂದು, ಏಳು ಮತ್ತು ನಾಲ್ಕು ವರ್ಷದವು. ಪನವೇಲ ದಾಟುವುದರೊಳಗೆ ಜಗಳ ಹತ್ತಿತು. ದೊಡ್ಡವನ ಕೈಯಲ್ಲಿ ತಾಯಿಯ ಮೊಬೈಲು, ಎರಡನೆಯವಳ ಕೈಯಲ್ಲಿ ತಂದೆಯ ಮೊಬೈಲು, ಚಿಕ್ಕವನಿಗೆ ಇಲ್ಲ. ಅವನ ಕಣ್ಣು ಡ್ರೈವರಣ್ಣನ ಮುಂದೆ ದಾರಿ ತೋರಿಸುತ್ತಿದ್ದ ಮೊಬೈಲಿನ ಮೇಲೆ ಬಿತ್ತು.

ಕಶೇಡಿ ಘಾಟಿಯ ತಿರುವಿನಲ್ಲಿ ಅವನ ಅಳು ತಡೆಯಲಾರದೆ ಡ್ರೈವರಣ್ಣ ಆ ಮೊಬೈಲನ್ನು ಕಿತ್ತು ಒಂದು ಕೈಯಿಂದ ಹಿಂದಕ್ಕೆ ಚಾಚಿದರು. ಕತ್ತು ತಿರುಗಿಸಿದ್ದು ಒಂದೇ ಕ್ಷಣ. ಎದುರಿನಿಂದ ಲಾರಿ. ಸ್ಟಿಯರಿಂಗು ಎಡಕ್ಕೆಳೆದಾಗ ಗಾಡಿಯ ಚಕ್ರ ಜಲ್ಲಿಗೆ ಜಾರಿ, ರಸ್ತೆಯಂಚಿನ ಗೋಡೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹತ್ತು ನಿಮಿಷ ಯಾರೂ ಮಾತನಾಡಲಿಲ್ಲ, ಚಿಕ್ಕವನು ಅಳುವುದನ್ನೂ ಮರೆತಿದ್ದ. ಇಪ್ಪತ್ತು ವರ್ಷ ಗಾಡಿ ಓಡಿಸಿದ ಮನುಷ್ಯ ಇಳಿದು ರಸ್ತೆಯ ಬದಿಯಲ್ಲಿ ಕುಳಿತು, "ತಪ್ಪು ನನ್ನದೇ" ಎಂದರು. ಒಬ್ಬರದೇ ತಪ್ಪಲ್ಲವೆಂದು ನಾವು ಅಂದೂ ಹೇಳಿದೆವು, ಇಂದೂ ಹೇಳುತ್ತೇವೆ.

ಆ ದಿನವೇ ನಿಶ್ಚಯಿಸಿದೆವು: ಇನ್ನು ಮುಂದೆ ಮಕ್ಕಳಿಗೆ ನೋಡಲು ಏನಾದರೂ ಇರಲಿ, ಆದರೆ ಅದು ಒಂದೇ ಇರಲಿ, ಗಾಡಿಗೆ ಕಟ್ಟಿರಲಿ, ಓಡಿಸುವವನ ಕಣ್ಣಿಗೂ ಕೈಗೂ ಸಿಗದಂತಿರಲಿ. ಅಂಗಡಿಯಲ್ಲಿ ವಿಚಾರಿಸಿದಾಗ ಸೀಟಿನ ಹಿಂದೆ ಹಾಕುವ ಪರದೆಗಳ ಜೋಡಿಗೆ ಹೇಳಿದ ಬೆಲೆ ಕೇಳಿ ಸುಮ್ಮನೆ ಹಿಂದಿರುಗಿದೆವು.

ಹೀಗಿರಲು ಅಕ್ಟೋಬರ್ ಬಂದಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬಹಳ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ನಮ್ಮ ಹೋಟೆಲಿನ ಗಲ್ಲಾದಲ್ಲಿ ಬಿಲ್ಲು ಮಾಡುತ್ತಿದ್ದ 2012ರ ಲ್ಯಾಪ್‌ಟಾಪನ್ನು ಧಣಿಗಳು ಭಂಗಾರದವನಿಗೆ ಕೊಡಲು ತೆಗೆದಿಟ್ಟರು. ಕೇಳಿದೆವು. "ಲೆಕ್ಕ ಇರುವ ಡಿಸ್ಕನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಉಳಿದದ್ದನ್ನು ಒಯ್ಯಿರಿ" ಎಂದರು. ನ್ಯಾಯವಾದ ಮಾತು. ನಿಮ್ಮಲ್ಲಿ ಯಾರಾದರೂ ಹಳೆಯ ಯಂತ್ರವನ್ನು ಕೊಡುವವರಿದ್ದರೆ ಹೀಗೆಯೇ ಮಾಡಿರಿ.

ತಳದ ಸ್ಕ್ರೂ ಬಿಚ್ಚಿದಾಗ ಮೊದಲು ಬಂದದ್ದು ದೋಸೆಕಾವಲಿಯ ವಾಸನೆ. ಹದಿಮೂರು ವರ್ಷ ಅಡಿಗೆಮನೆಯ ಬಾಗಿಲಲ್ಲಿ ಕುಳಿತ ಯಂತ್ರ. ಅದರ ಪುಟ್ಟ ಫ್ಯಾನಿನ ಮೇಲೆ ಎಣ್ಣೆಯೂ ಧೂಳೂ ಸೇರಿ ಕಂಬಳಿಯಂತೆ ಕಟ್ಟಿದ್ದವು. "ಇದು ಕಂಪ್ಯೂಟರಲ್ಲ, ಒಗ್ಗರಣೆ ಸೌಟು" ಎಂದು ನಮ್ಮ ಹಿರಿಯರು ನಕ್ಕರು. ಆದರೆ ಈ ಕೆಲಸ ಅವರಿಗೆ ಬಲ್ಲ ಕೆಲಸ. ಗಿರಣಿಯಲ್ಲಿ ಮೋಟಾರಿನ ಗಾಳಿಕಂಡಿಗೆ ಹತ್ತಿಯ ನಾರು ತುಂಬಿ ಮೋಟಾರು ಕಾಯುತ್ತಿದ್ದುದನ್ನು ಅವರು ಎಷ್ಟೋ ಸಲ ಬಿಡಿಸಿದವರು. ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ಹಿಡಿದು, ಬಣ್ಣ ಬಳಿಯುವ ಒಣ ಬ್ರಷ್ಷಿನಿಂದ ಗಂಟೆ ಹೊತ್ತು ತಿಕ್ಕಿದರು. ಚಿಪ್ಪಿಗೂ ತಾಮ್ರದ ಕೊಳವೆಗೂ ನಡುವೆ ಶಾಖವನ್ನು ದಾಟಿಸುವ ಒಂದು ಪೇಸ್ಟು ಇರುತ್ತದೆ. ಅದು ಒಣಗಿ ಸುಣ್ಣದ ಪುಡಿಯಾಗಿತ್ತು. ಕೆರೆದು, ತೊಗರಿಬೇಳೆಯಷ್ಟು ಹೊಸ ಪೇಸ್ಟು ಹಾಕಿದೆವು. ಅಷ್ಟಕ್ಕೇ ಯಂತ್ರದ ಆರ್ಭಟ ನಿಂತಿತು.

ಬ್ಯಾಟರಿ ಮಾತ್ರ ಸತ್ತಿತ್ತು. ಬರೇ ಸತ್ತಿದ್ದರೆ ಚಿಂತೆಯಿಲ್ಲ, ಹೊಟ್ಟೆ ಉಬ್ಬಿಸಿಕೊಂಡಿತ್ತು. ಇಲ್ಲಿ ತಾಯಂದಿರು ಸ್ವಲ್ಪ ಗಮನವಿಟ್ಟು ಕೇಳಬೇಕು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜಿಗೆ ಹಾಕಬಾರದು, ಕಸದ ಡಬ್ಬಿಗೆ ಎಸೆಯಲೂಬಾರದು. ಹೊತ್ತಿಕೊಂಡರೆ ಖೋಲಿಯಷ್ಟನ್ನೂ ಸುಡಬಲ್ಲದು. ನಾವು ಅದನ್ನು ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಕೊಟ್ಟು ಬಂದೆವು.

"ಬ್ಯಾಟರಿಯೇ ಇಲ್ಲದೆ ಗಾಡಿಯ ಕರೆಂಟಿನಿಂದ ನಡೆಸಿದರಾಯಿತಲ್ಲ?" ಎಂದು ಕಾಲೇಜಿನ ಹುಡುಗ ಕೇಳಿದ. ಹಾಗೆ ಮಾಡಿ ನೋಡಿದೆವು ಕೂಡ. ಗಾಡಿ ಸ್ಟಾರ್ಟು ಮಾಡುವ ಹೊತ್ತಿಗೆ ಸ್ಟಾರ್ಟರ್ ಮೋಟಾರು ಗಾಡಿಯ ಬ್ಯಾಟರಿಯಿಂದ ನೂರಾರು ಆಂಪಿಯರು ಎಳೆಯುತ್ತದೆ. 12 ವೋಲ್ಟು ಒಂದು ಕ್ಷಣ ಹತ್ತಕ್ಕೋ ಒಂಬತ್ತಕ್ಕೋ ಇಳಿಯುತ್ತದೆ. ಅಷ್ಟರಲ್ಲಿ ಲ್ಯಾಪ್‌ಟಾಪು ಪ್ರಾಣ ಬಿಡುತ್ತದೆ. ಚಾಳಿನಲ್ಲಿ ಇದ್ದವರಿಗೆ ಇದನ್ನು ತಿಳಿಸುವುದು ಸುಲಭ. ನಲ್ಲಿ ನಿಂತಾಗ ಮೋರಿಯ ಮೇಲಿನ ಪೀಪಾಯಿ ಹೇಗೋ, ಲ್ಯಾಪ್‌ಟಾಪಿಗೆ ತನ್ನ ಬ್ಯಾಟರಿ ಹಾಗೆ. ಹೊಸದೊಂದನ್ನು ಕೊಂಡೆವು.

ಹಳೆಯ ಡಿಸ್ಕನ್ನು ಧಣಿಗಳಿಗೆ ಕೊಟ್ಟದ್ದು ಒಳ್ಳೆಯದೇ ಆಯಿತು. ಅದರೊಳಗೆ ತಟ್ಟೆಯೊಂದು ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅದರ ಮೇಲೆ ಕೂದಲಿಗಿಂತಲೂ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ಓದುವ ಮುಳ್ಳು ತೇಲುತ್ತದೆ. ನಮ್ಮ ಹೆದ್ದಾರಿಯ ಹೊಂಡಗಳಿಗೆ ಅದು ತಕ್ಕದ್ದಲ್ಲ. ಅದರ ಜಾಗಕ್ಕೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಬಂದಿತು, 128 ಜಿಬಿಯದು. ಎರಡು ಗಂಟೆಯ ಚಿತ್ರಕ್ಕೆ ಒಂದು ಜಿಬಿ ಹಿಡಿದರೂ ಧಾರಾಳ.

ನಡೆಸುವ ವ್ಯವಸ್ಥೆಗೆ ಲಿನಕ್ಸ್ ಮಿಂಟ್‌ನ ಹಗುರವಾದ ಬಗೆಯನ್ನು ಹಾಕಿದೆವು. ಅದಕ್ಕೆ ದುಡ್ಡಿಲ್ಲ, ನಮ್ಮ ಯಂತ್ರದ 4 ಜಿಬಿ ನೆನಪಿನಲ್ಲಿ ಆರಾಮವಾಗಿ ನಡೆಯುತ್ತದೆ. ಚಿತ್ರ ತೋರಿಸಲು ವಿಎಲ್‌ಸಿ. ಇದು 1996ರಲ್ಲಿ ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿ, 2001ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಯಂತ್ರ ಹೊತ್ತಿಸಿದೊಡನೆ ವಿಎಲ್‌ಸಿ ತಾನಾಗಿ ತೆರೆದು ಒಂದೇ ಕಪಾಟಿನ ಚಿತ್ರಗಳನ್ನು ಸಾಲಾಗಿ ತೋರಿಸುವಂತೆ ಹುಡುಗ ಮಾಡಿಕೊಟ್ಟ. ಪರದೆ ನಿದ್ದೆ ಹೋಗದಂತೆಯೂ ಮಾಡಿದ. ವೈಫೈ ಬಂದ್. ಇದರಿಂದ, ನಾವು ಏನು ತುಂಬಿದ್ದೇವೋ ಅದು ಮಾತ್ರ ಬರುತ್ತದೆ. ಒಂದು ಮುಗಿದೊಡನೆ ಯಾವನೋ ಬೇರೊಬ್ಬನು ತನಗೆ ಬೇಕಾದ್ದನ್ನು ಮಕ್ಕಳ ಮುಂದೆ ಹಿಡಿಯುವ ಕಾಟವಿಲ್ಲ.

ಒಂದು ತೊಡಕು ಬಂತು. ಹೊಸ ಮೊಬೈಲುಗಳು ತೆಗೆದ ಕೆಲವು ಚಿತ್ರಗಳು ಕುಂಟಿ ಕುಂಟಿ ನಡೆದವು. ಅವು ಎಚ್.265 ಎಂಬ ಹೊಸ ಕಟ್ಟಿನಲ್ಲಿ ಇರುತ್ತವೆ, ಅದನ್ನು ಬಿಡಿಸುವ ಯಂತ್ರಾಂಶ 2012ರ ಚಿಪ್ಪಿನಲ್ಲಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ಸಾಧನದಿಂದ ಅವನ್ನು ಹಳೆಯ ಎಚ್.264ಕ್ಕೆ ತಿರುಗಿಸಿಕೊಂಡೆವು. ಗಾಡಿಯ ಬ್ರೇಕಿಗೂ ಇದಕ್ಕೂ ಸಂಬಂಧವಿಲ್ಲ. ಡ್ರೈವರಣ್ಣ ಮೊದಲು ಗಾಬರಿಯಾದರು! ಮನೆಯಲ್ಲಿದ್ದ ಹಳೆಯ ಡಿವಿಡಿಗಳನ್ನು ಗಾಡಿಯಲ್ಲೇ ಹಾಕಿ ನೋಡಿದರೆ ಹೊಂಡ ಬಂದಲ್ಲೆಲ್ಲ ತಟ್ಟೆ ತಪ್ಪುತ್ತಿತ್ತು, ಆದ್ದರಿಂದ ಅವನ್ನೂ ಮನೆಯಲ್ಲೇ ಡಿಸ್ಕಿಗೆ ಇಳಿಸಿಕೊಂಡೆವು.

ಇನ್ನು ಕಟ್ಟುವ ಮಾತು. ನಾವು ಅತ್ಯಂತ ಹೆಚ್ಚು ಹೊತ್ತು ಕಳೆದದ್ದು ಇದರಲ್ಲಿ, ಮತ್ತು ನೀವು ಬೇರೆಲ್ಲವನ್ನು ಮರೆತರೂ ಇದನ್ನು ಮರೆಯಬಾರದು.

ಲ್ಯಾಪ್‌ಟಾಪು ಎರಡು ಕಿಲೋಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಮಡಿಲಲ್ಲಿಟ್ಟುಕೊಂಡರಾಯಿತು ಎಂದು ಕೆಲವರು ಹೇಳಿದರು. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಢಿಕ್ಕಿ ಹೊಡೆದು ನಿಂತರೆ, ಒಳಗೆ ಕಟ್ಟದೆ ಬಿಟ್ಟ ವಸ್ತು ತನ್ನ ತೂಕದ ಇಪ್ಪತ್ತು ಮೂವತ್ತು ಪಟ್ಟು ಬಲದಿಂದ ಬಡಿಯುತ್ತದೆ. ಎರಡು ಕಿಲೋ ಎಂದರೆ ಅಕ್ಕಿಮೂಟೆಯ ಲೆಕ್ಕ. ಅಕ್ಕಿಮೂಟೆಯನ್ನು ಮಗುವಿನ ಮುಖದ ಮೇಲೆ ಎಸೆಯಲು ಯಾರಾದರೂ ಒಪ್ಪುತ್ತಾರೆಯೆ?

ಎರಡು ಮುಂದಿನ ಸೀಟುಗಳ ನಡುವೆ ತೂಗಹಾಕಿದರೆ ಡ್ರೈವರಣ್ಣನಿಗೆ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಿಸದು. ಆದುದರಿಂದ ಎಡಗಡೆಯ ಮುಂದಿನ ಸೀಟಿನ ಬೆನ್ನೇ ಸರಿ ಎಂದು ತೀರ್ಮಾನವಾಯಿತು. ನಮ್ಮ ಯಂತ್ರದ ಒಂದು ಪುಣ್ಯವೆಂದರೆ ಅದರ ಮುಚ್ಚಳ ಪೂರ್ತಿ ಹಿಂದಕ್ಕೆ ಮಲಗುತ್ತದೆ, ಎಲ್ಲ ಲ್ಯಾಪ್‌ಟಾಪುಗಳಲ್ಲಿ ಹಾಗಾಗುವುದಿಲ್ಲ. ಹಾಗೆ ಮಲಗಿಸಿ, ಪರದೆ ಮೇಲಕ್ಕೂ ಕೀಲಿಮಣೆ ಕೆಳಕ್ಕೂ ಬರುವಂತೆ ಒಂದು ಪ್ಲೈವುಡ್ ಹಲಗೆಗೆ ನಾಲ್ಕು ಮೂಲೆಯಲ್ಲಿ ಹಿಡಿಕೆ ಹಾಕಿ ಕೂರಿಸಿದೆವು. ತಳದ ಗಾಳಿಕಂಡಿಗಳು ಬರುವ ಜಾಗದಲ್ಲಿ ಹಲಗೆಯನ್ನು ಕೊರೆದೆವು. ಹಲಗೆಯನ್ನು ಸೀಟಿನ ತಲೆದಿಂಬಿನ ಎರಡು ಉಕ್ಕಿನ ಸರಳುಗಳಿಗೆ ಸಾಮಾನು ಕಟ್ಟುವ ಅಗಲ ಪಟ್ಟಿಯಿಂದ ಬಿಗಿದೆವು, ಕೆಳಗೆ ಸೀಟಿನ ಕಬ್ಬಿಣದ ಕಾಲಿಗೂ ಒಂದು ಪಟ್ಟಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಬೆನ್ನಿನ ಸುತ್ತ ಪಟ್ಟಿ ಸುತ್ತಲೇಬಾರದು. ಕೀಲಿಮಣೆಯ ಮೇಲೆ ಇನ್ನೊಂದು ತೆಳು ಹಲಗೆ, ಇಲ್ಲವಾದರೆ ಚಿಕ್ಕವನ ಕಾಲು ಅದರ ಮೇಲೇ. ಅಂಚುಗಳಿಗೆಲ್ಲ ಹಳೆಯ ಹವಾಯಿ ಚಪ್ಪಲಿಯ ರಬ್ಬರನ್ನು ಕುಯ್ದು ಅಂಟಿಸಿದೆವು. ನಂತರ ಹಿರಿಯರು ಎರಡು ಕೈಯಲ್ಲಿ ಹಿಡಿದು, ತಮ್ಮ ಪೂರ್ತಿ ಬಲ ಹಾಕಿ ಜಗ್ಗಿದರು. ಮೊದಲ ಸಲ ಕಿತ್ತು ಬಂತು. ಬೈದರು. ಎರಡನೆಯ ಸಲವೂ ಒಂದು ಮೂಲೆ ಅಲುಗಿತು. ಮೂರನೆಯ ಸಲ ಸೀಟು ಅಲುಗಿತು, ಹಲಗೆ ಅಲುಗಲಿಲ್ಲ.

ಇಷ್ಟಾದರೂ ಹಲಗೆ ಹಲಗೆಯೇ, ಹತ್ತಿಯ ದಿಂಬಲ್ಲ. ಮಕ್ಕಳು ಸೊಂಟಪಟ್ಟಿ ಕಟ್ಟಿಕೊಂಡು ಹಿಂದಕ್ಕೆ ಒರಗಿ ಕೂತರೆ ಮಾತ್ರ ಚಿತ್ರ ಎಂಬ ಕರಾರು ಹಾಕಿದೆವು. ಪಟ್ಟಿ ಬಿಚ್ಚಿದರೆ ಪರದೆ ಬಂದ್. ಚಿಕ್ಕವನನ್ನು ಅವನ ಅಳತೆಯ ಮಕ್ಕಳ ಸೀಟಿನಲ್ಲೇ ಕೂರಿಸಿದೆವು, ಅದನ್ನು ಡ್ರೈವರಣ್ಣ ಯಾರಿಂದಲೋ ಕಡ ತಂದರು.

ಕರೆಂಟಿನ ಸಂಗತಿಯನ್ನು ಚುಟುಕಾಗಿ ಹೇಳುತ್ತೇವೆ. ಗಾಡಿಯದು 12 ವೋಲ್ಟು, ಲ್ಯಾಪ್‌ಟಾಪಿಗೆ ಬೇಕಾದ್ದು 19. ಇನ್ವರ್ಟರಿನಿಂದ 230ಕ್ಕೆ ಏರಿಸಿ, ಮನೆಯ ಚಾರ್ಜರಿನಿಂದ ಮತ್ತೆ 19ಕ್ಕೆ ಇಳಿಸುವುದು ಒಂದು ದಾರಿ. ಎರಡನೆಯ ಮಾಳಿಗೆಗೆ ಹೋಗಲು ಹತ್ತನೆಯ ಮಾಳಿಗೆ ಹತ್ತಿ ಇಳಿದಂತೆ. 12ರಿಂದ ನೇರವಾಗಿ 19ಕ್ಕೆ ಏರಿಸುವ ಗಾಡಿಯ ಅಡಾಪ್ಟರು ಸಿಗುತ್ತದೆ, ಅದನ್ನೇ ಕೊಂಡೆವು. 65 ವಾಟಿನ ಯಂತ್ರ ಪೂರ್ತಿ ಎಳೆದಾಗ, ನಷ್ಟವೂ ಸೇರಿ, ಆರು ಆಂಪಿಯರಿನಷ್ಟು. ಸಿಗರೇಟು ಹೊತ್ತಿಸುವ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು. ಅದೇ ಸಾಕೆಟ್ಟಿಗೆ ಮತ್ತೆರಡು ಚಾರ್ಜರು ಚುಚ್ಚಬೇಡಿರಿ. ಫ್ಯೂಸು ಹೋದರೆ ತಂತಿ ಸುತ್ತಿ ಕೂರಿಸುವ ನಮ್ಮ ಖೋಲಿಗಳ ವಿದ್ಯೆ ಗಾಡಿಯಲ್ಲಿ ಬೇಡವೇ ಬೇಡ. ಊಟಕ್ಕೆ ಇಳಿದಾಗ ಪಿನ್ನು ಕಿತ್ತಿಡಬೇಕು, ಇಲ್ಲದಿದ್ದರೆ ಗಾಡಿಯ ಬ್ಯಾಟರಿ ಇಳಿದು ಎಲ್ಲರೂ ದೂಡಬೇಕಾದೀತು. ಬಿಸಿಲಲ್ಲಿ ಗಾಜು ಮುಚ್ಚಿ ನಿಂತ ಗಾಡಿಯ ಒಳಗೆ ಶಾಖ 50 ಡಿಗ್ರಿ ಮೀರಬಹುದು. ಅಂಥಲ್ಲಿ ಲ್ಯಾಪ್‌ಟಾಪನ್ನು ಬಿಡಬಾರದು. ಹಲಗೆಯ ಹಿಡಿಕೆಗಳನ್ನು ಬಿಚ್ಚಲು ಬರುವಂತೆ ಮಾಡಿದ್ದು ಇದಕ್ಕಾಗಿಯೇ.

ಖರ್ಚು: ಬ್ಯಾಟರಿ, ಡಿಸ್ಕು, ಅಡಾಪ್ಟರು, ಪಟ್ಟಿ, ಹಲಗೆ ಎಲ್ಲ ಸೇರಿ ಸುಮಾರು ನಾಲ್ಕು ಸಾವಿರ ರೂಪಾಯಿ. ನಮ್ಮ ಭಿಶಿಯಿಂದ ತೆಗೆದೆವು.

ಈಗ ಮುಖ್ಯವಾದ ಜಗಳಕ್ಕೆ ಬರೋಣ. ಎಲ್ಲ ಸಿದ್ಧವಾದ ಮೇಲೆ ಹಿರಿಯರೇ ಕೇಳಿದರು: "ನಾವು ಬಸ್ಸಿನ ಕಿಟಕಿಯಿಂದ ಹೊಳೆ ಲೆಕ್ಕ ಹಾಕುತ್ತ ಊರಿಗೆ ಹೋದವರು. ಈ ಮಕ್ಕಳು ಡಬ್ಬಿ ನೋಡುತ್ತ ಹೋದರೆ ಊರು ಎಲ್ಲಿ ಸುರುವಾಯಿತೆಂದು ತಿಳಿಯುವುದು ಹೇಗೆ?" ಇಷ್ಟೆಲ್ಲ ತಿಕ್ಕಿ ಕೊರೆದ ಮೇಲೆ ಕೇಳಿದರಲ್ಲ ಎಂದು ಸ್ವಲ್ಪ ಸಿಟ್ಟು ಬಂದಿತು. ಆದರೆ ಮಾತಿಗೆ ಉತ್ತರ ಇರಲಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದಂತೆ ಎರಡರಿಂದ ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ವರ್ಷದ ಕೂಸಿಗೆ ಬೇಡವೇ ಬೇಡ. ಮೇಲಾಗಿ ಘಾಟಿಯ ತಿರುವಿನಲ್ಲಿ ಕಿವಿಯೊಳಗಿನ ತೂಕದ ಅಂಗ "ತಿರುಗುತ್ತಿದ್ದೇವೆ" ಎನ್ನುತ್ತದೆ, ಪರದೆ ನೋಡುವ ಕಣ್ಣು "ನಿಂತಿದ್ದೇವೆ" ಎನ್ನುತ್ತದೆ. ಇಬ್ಬರ ತಕರಾರಿನಲ್ಲಿ ವಾಂತಿ. ಆದ್ದರಿಂದ ರಾಜಿಯಾಯಿತು: ಘಾಟಿಯಲ್ಲಿ ಬಂದ್, ಹೊಳೆ ಬಂದಾಗಲೆಲ್ಲ ಬಂದ್, ಚಿಕ್ಕವನು ಎಚ್ಚರವಿರುವಾಗ ಒಟ್ಟು ಒಂದೇ ಗಂಟೆ.

ಮತ್ತೆ, ಏನು ತೋರಿಸುವುದು? ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಹಿಂದಿ, ಮರಾಠಿ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಜ್ಜಿ ಏನೋ ಕೇಳಿದರು, ಚಿಕ್ಕವನು ತಾಯಿಯ ಸೆರಗಿನ ಹಿಂದೆ ಅಡಗಿದ. ಹದಿನೈದು ದಿನವೂ ಅಡಗಿಯೇ ಇದ್ದ. ಅಜ್ಜಿ ಏನೂ ಅನ್ನಲಿಲ್ಲ, ಹೊರಡುವ ದಿನ ಮಾತ್ರ, "ಇವನಿಗೆ ನಾನು ಯಾರು ಅಂತ ಗೊತ್ತಿತ್ತಾ?" ಎಂದರು.

ಅದಕ್ಕಾಗಿ ಊರಿನ ಪಕ್ಕದ ಮನೆಯ ಹುಡುಗನಿಗೆ ಹೇಳಿ, ಅಜ್ಜಿಯ ಒಂದು ದಿನವನ್ನು ಮೊಬೈಲಿನಲ್ಲಿ ತೆಗೆಸಿದೆವು. ಹನ್ನೊಂದು ನಿಮಿಷ. ಅಜ್ಜಿ ಬಾವಿಯಿಂದ ನೀರು ಸೇದುತ್ತಾರೆ, ಮಾವಿನ ಮರ ತೋರಿಸಿ ಯಾರ ಅಪ್ಪ ಅದರಿಂದ ಬಿದ್ದರೆಂದು ಹೇಳುತ್ತಾರೆ, ಮೂವರನ್ನೂ ಹೆಸರು ಹಿಡಿದು ಕರೆಯುತ್ತಾರೆ. ನಡುವೆ ದನವೊಂದು ಬಾಳೆಗೆ ಬಾಯಿ ಹಾಕುತ್ತದೆ, ಅಜ್ಜಿ ಮಾತು ನಿಲ್ಲಿಸಿ ಅದನ್ನು ಗದರಿಸುತ್ತಾರೆ. ಅದನ್ನು ಕತ್ತರಿಸಬೇಕೆಂದಿದ್ದೆವು, ಮರೆತುಹೋಯಿತು. ಇದರ ಜೊತೆಗೆ ನಮ್ಮ ಸಂಘದ ವಾರ್ಷಿಕೋತ್ಸವದ ನಾಟಕ, ಊರಿನಲ್ಲಿ ನಾವೇ ತೆಗೆದ ಒಂದು ಯಕ್ಷಗಾನ, ದುಡ್ಡು ಕೊಟ್ಟು ಕೊಂಡ ಡಿವಿಡಿಗಳ ಕನ್ನಡ ಚಿತ್ರಗಳು. ದೊಡ್ಡವನ ಹಟಕ್ಕೆ ಎರಡು ಕಾರ್ಟೂನು. ಅದನ್ನೂ ಕೊಡಬೇಕಲ್ಲ.

ಡಿಸೆಂಬರಿನ ರಜೆಯಲ್ಲಿ ಹೊರಟೆವು. ಶಬ್ದ ಡ್ರೈವರಣ್ಣನ ಕಿವಿಗೆ ಹಾರ್ನು ಮುಚ್ಚದಷ್ಟು ಮೆಲ್ಲಗೆ. ರಾತ್ರಿಯಾದೊಡನೆ ಹಿಂದಿನ ಗಾಜಿನಲ್ಲಿ ಪರದೆ ಹೊಳೆದು ಕನ್ನಡಿಗೆ ಬರುತ್ತಿದ್ದುದರಿಂದ ಬೆಳಕನ್ನು ಬಹಳ ಇಳಿಸಿ, ಕೊನೆಗೆ ಪೂರ್ತಿ ಬಂದ್ ಮಾಡಿದೆವು. ಮಹಾಡದಲ್ಲಿ ಸಾವಿತ್ರಿ, ಚಿಪಳೂಣದಲ್ಲಿ ವಾಶಿಷ್ಠಿ, ಗೋವೆ ದಾಟಿ ಕಾರವಾರದಲ್ಲಿ ಕಾಳಿ. ಎಲ್ಲ ಕಡೆಯೂ ಪರದೆ ಕಪ್ಪಾಯಿತು, ಮಕ್ಕಳು ಗೊಣಗುತ್ತ ಕಿಟಕಿಗೆ ತಿರುಗಿದರು. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಎರಡನೆಯವಳು ತಾನೇ "ಬಂದ್ ಮಾಡಿ, ನೀರು ಬಂತು" ಎಂದಳು. ಹಿರಿಯರಿಗೆ ಈ ಮಾತನ್ನು ಆ ಕ್ಷಣವೇ ಫೋನಿನಲ್ಲಿ ತಿಳಿಸಲಾಯಿತು.

ಅಜ್ಜಿಯ ಚಿತ್ರ ಏನಾಯಿತೆಂದು ಕೇಳುತ್ತೀರಿ. ದೊಡ್ಡವನು ಎರಡು ನಿಮಿಷ ನೋಡಿ ಮುಖ ತಿರುಗಿಸಿದ, ಕಾರ್ಟೂನು ಬೇಕೆಂದ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಎರಡನೆಯವಳು ಪೂರ್ತಿ ನೋಡಿದಳು. ಚಿಕ್ಕವನು ಮಾತ್ರ ದನ ಬಂದಾಗ ನಕ್ಕು, "ಫಿರ್ ಸೇ" ಎಂದ. ಮತ್ತೆ ಹಾಕಿದೆವು. ಮತ್ತೆ ನಕ್ಕ. ಅವನ ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ದನಕ್ಕೇ ಹೋಯಿತು.

ಮರುದಿನ ಬೆಳಿಗ್ಗೆ ಗಾಡಿ ಅಂಗಳದಲ್ಲಿ ನಿಂತಿತು. ಅಜ್ಜಿ ಮೆಟ್ಟಿಲಿಳಿದು, "ಒಳ್ಗ್ ಬಾ ಮಗಾ, ಬಿಸ್ಲಿಗೆ ನಿಲ್ಬೇಡ" ಎಂದರು. ಚಿಕ್ಕವನು ಸೆರಗು ಹಿಡಿಯಲಿಲ್ಲ. ಕೊಟ್ಟಿಗೆಯ ಕಡೆ ಓಡಿ, ದನದ ಮುಂದೆ ನಿಂತು, ಅಜ್ಜಿಯದೇ ರಾಗದಲ್ಲಿ ಕೂಗಿದ: "ಹೋಯ್, ಬಾಳೆಗೆ ಬಾಯಿ ಹಾಕ್ಬೇಡ!" ದನ ಸುಮ್ಮನೆ ಮೆಲುಕು ಹಾಕುತ್ತಿತ್ತು, ಹತ್ತಿರ ಬಾಳೆಯೇ ಇರಲಿಲ್ಲ. ಅಜ್ಜಿ ಜಗಲಿಯ ಕಂಬ ಹಿಡಿದು ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಹತ್ತು ದಿನದಲ್ಲಿ ಅವನು ಕಲಿತದ್ದು ಹೆಚ್ಚಾಗಿ ಬೈಗುಳ ಎಂಬುದನ್ನು ಅವನ ತಾಯಿ ಹೇಳಬೇಡಿರೆಂದು ಹೇಳಿದ್ದಾರೆ.

ಪೆಟ್ಟಿಗೆ ಈಗ ಸಂಘದ ಕೋಣೆಯ ಕಪಾಟಿನಲ್ಲಿದೆ. ಹಲಗೆ, ಪಟ್ಟಿಗಳು, ಅಡಾಪ್ಟರು ಎಲ್ಲ ಒಂದೇ ಚೀಲದಲ್ಲಿ. ಊರಿಗೆ ಗಾಡಿಯಲ್ಲಿ ಹೋಗುವ ಸದಸ್ಯರು ವಹಿಯಲ್ಲಿ ಹೆಸರು ಬರೆದು ಒಯ್ಯಬಹುದು, ದುಡ್ಡಿಲ್ಲ. ಕಟ್ಟಿದ ಮೇಲೆ ಜಗ್ಗಿ ನೋಡಿಯೇ ಹೊರಡಬೇಕು. ಹಿರಿಯರು ಭಾನುವಾರ ಬೆಳಿಗ್ಗೆ ಇಲ್ಲಿರುತ್ತಾರೆ, ಅವರಿಂದಲೇ ಜಗ್ಗಿಸಿರಿ. ಚಾರ್ಜರಿನ ಪಿನ್ನು ಸ್ವಲ್ಪ ಸಡಿಲವಾಗಿದೆ, ಎಡಕ್ಕೆ ಒತ್ತಿ ಕೂರಿಸಬೇಕು. ನಿಮ್ಮ ನಿಮ್ಮ ಅಜ್ಜಿಯರ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರೆ ಹುಡುಗ ತುಂಬಿಸಿಕೊಡುತ್ತಾನೆ. ಡಿಸ್ಕಿನಲ್ಲಿ ಇನ್ನೂ 70 ಜಿಬಿ ಖಾಲಿ ಇದೆ.